ಮೂವತ್ತು ರುಮಾಲು, ಒಂದೇ ಗಂಟು

ಮೂವತ್ತು ರುಮಾಲಿನ ಗಂಟು ಒಂದೇ ನಮೂನೆಯಾದದ್ದು ನನ್ನಿಂದ. ನಮ್ಮ ಕಚೇರಿಯ ಜವಾನ, ಸಿಪಾಯಿಯದೇನೂ ತಪ್ಪಿಲ್ಲ, ಅವನ ಕಿವಿ ಚುರುಕಾಗಿತ್ತು ಅಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳುತ್ತ ಹೇಳುತ್ತ ನನ್ನನ್ನು ನಾನೇ ಚೆಂದ ಮಾಡಿಕೊಳ್ಳುವ ಚಟ ನನಗಿದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಹಳೆಯ ಜಮೀನಿನ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಕೆಲಸ ನನ್ನದು. ಕಾಗದಗಳನ್ನು ರುಮಾಲು ಎಂಬ ಕೆಂಪು ಬಟ್ಟೆಗಳಲ್ಲಿ ಕಟ್ಟಿಟ್ಟಿದ್ದರು. ಹಪ್ಪಳದಂಥ ಕಾಗದ; ಜೋರಾಗಿ ಸೀನಿದರೆ ಯಾರದೋ ಹೊಲದ ಮೂಲೆ ಹಾರಿಹೋಗುತ್ತಿತ್ತು.

ರುಮಾಲುಗಳಿದ್ದ ಕೋಣೆ ರೆಕಾರ್ಡ್ ಕೀಪರ್ ಸಾಹೇಬರದು. ಏನೇ ಹೇಳುವ ಮೊದಲು ಎರಡು ಸಲ ಕೆಮ್ಮಿ, ಆಮೇಲೆ ಮೂಗಿನಲ್ಲಿ ಎಳೆದು ಮಾತಾಡುತ್ತಿದ್ದರು. ಅವರ ದನಿ ನನಗೆ ಮೂರೇ ದಿನದಲ್ಲಿ ಬಂತು. ಹಳೆಯ ಕಾಗದಗಳಲ್ಲಿದ್ದ ಮರಾಠಿಯ ಮೋಡಿ ಲಿಪಿ ಮಾತ್ರ ಅವರು ತಿಂಗಳುಗಟ್ಟಲೆ ಕಲಿಸಿದರೂ ಬರಲಿಲ್ಲ.

ರುಮಾಲುಗಳ ಮೇಲೆ ಚೀಟಿ ಇರಲಿಲ್ಲ. ಯಾಕೆಂದು ಕೇಳಿದೆ.

"ಚೀಟಿ ಅಂಟಿಸಿದ್ರ ಗೋಂದಿನ ರುಚಿಗೆ ಹುಳ ಬರ್ತಾವ, ತಮ್ಮಾ. ಗಂಟು ನೋಡ್ಕೋ."

ಗಂಟು ಎಷ್ಟು, ಯಾವ ಮೂಲೆಗೆ, ಅದರ ತುದಿ ಎತ್ತ ಕಡೆ ಎಂಬುದರಲ್ಲೇ ಊರು, ವರ್ಷ ಎಲ್ಲ ಇತ್ತು.

ಒಂದು ಮಧ್ಯಾಹ್ನ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಅದು ಗೊತ್ತಿಲ್ಲದೆ ಬಾಗಿಲಲ್ಲಿ ಕೂತಿದ್ದ ಸಿಪಾಯಿಗೆ ಕೇಳುವಂತೆ ನಾನು ಕಪಾಟಿನ ಹಿಂದೆ ನಿಂತು ಎರಡು ಸಲ ಕೆಮ್ಮಿ, ಸಾಹೇಬರ ದನಿ ತೆಗೆದೆ. "ಏನೋ, ಈ ಕಪಾಟಿನ ರುಮಾಲೆಲ್ಲಾ ಬಿಚ್ಚಿ ಧೂಳ ಜಾಡಿಸೋ. ಎಲ್ಲಾಕ್ಕೂ ಒಂದ ನಮೂನಿ ಛಲೋ ಗಂಟು ಹಾಕು."

"ಹೂಂನ್ರಿ ಸಾಹೇಬ್ರ," ಎಂದ ಸಿಪಾಯಿ.

ತಿರುಗಿ ಬಂದಮೇಲೆ ಅವನಿಗೆ ನಿಜ ಹೇಳಿದರಾಯಿತೆಂದು ಮಿರ್ಚಿ ಭಜಿ ತಿನ್ನಲು ಹೋದೆ. ಅಲ್ಲಿ ಗೆಳೆಯನೊಬ್ಬ ಸಿಕ್ಕ. ತಿರುಗಿ ಬರುವಷ್ಟರಲ್ಲಿ ಮೂವತ್ತೂ ರುಮಾಲು ಶಾಲೆಗೆ ಹೊರಟ ಹುಡುಗಿಯರ ರಿಬ್ಬನ್ನಿನ ಹಾಗೆ ಒಂದೇ ಗಂಟಿನಲ್ಲಿ ಕೂತಿದ್ದವು. ದಪ್ಪನೆಯವು ಕೆಳಗೆ, ತೆಳ್ಳನೆಯವು ಮೇಲೆ. ನಾನು ಬಾಯಿ ಬಿಡಲಿಲ್ಲ.

ಮರುದಿನವೇ ಮುಗದ ಎಂಬ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಬಾವಿಗೆ ಹೋಗುವ ಹಾದಿಗೆ ದಾಯಾದಿಗಳು ಮುಳ್ಳು ಹಚ್ಚಿದ್ದರು. "ನಾಳೆ ವಿಚಾರಣಿ ಐತ್ರಿ ಸಾಹೇಬ್ರ. ಹಾದಿ ಇತ್ತಂತ ಕಾಗದ ತೋರಸ್ಲಿಲ್ಲಂದ್ರ ನನ್ನ ಬೆಳಿಗೆ ನೀರಿಲ್ಲ."

ಸಾಹೇಬರು ಕಪಾಟು ತೆರೆದು ಹಾಗೇ ನಿಂತರು. "ಯಾರೋ ಹಿಂಗ ಕಟ್ಟಿದವ್ರು?"

"ನೀವ ಹೇಳಿದ್ರಲ್ರಿ," ಎಂದ ಸಿಪಾಯಿ. "ಎರಡ ಸಲ ಕೆಮ್ಮಿ ಹೇಳಿದ್ರಿ."

ಸಾಹೇಬರು ಅವನನ್ನು ಬಿಟ್ಟು ನೇರ ನನ್ನತ್ತ ತಿರುಗಿದರು. ಒಪ್ಪಿಕೊಂಡೆ.

"ಮಾಡಿ ತೋರ್ಸು."

ಕೆಮ್ಮಿದೆ. ಅಭ್ಯಾಸಬಲದಿಂದ ಸಿಪಾಯಿ ಎದ್ದು ನಿಂತ. ಸಾಹೇಬರ ಮೀಸೆ ಒಂದಿಷ್ಟು ಅಲುಗಿತು. ಅಜ್ಜಿಯ ಮುಖ ಮಾತ್ರ ಅಲುಗಲಿಲ್ಲ.

ಕಾಗದಗಳನ್ನೆಲ್ಲ ತಿರುವಿ ಹುಡುಕಿದರೆ ಅರ್ಧ ಪುಡಿಯಾಗುತ್ತಿದ್ದವು. ಸಾಹೇಬರು ಒಂದು ರುಮಾಲಿನ ಬಟ್ಟೆಯನ್ನಷ್ಟೇ ಬಿಚ್ಚಿಸಿ ಕಿಟಕಿಗೆ ಹಿಡಿದರು. ಬಟ್ಟೆಯೆಲ್ಲ ಮಾಸಿತ್ತು, ಹಳೆಯ ಗಂಟು ಕೂತಿದ್ದ ಮಡಿಕೆಗಳಲ್ಲಿ ಮಾತ್ರ ಕೆಂಪು ಹಾಗೇ ಉಳಿದಿತ್ತು.

"ಬಟ್ಟಿ ಮರತಿಲ್ಲ ನೋಡು," ಎಂದರು.

ನಾನು ಬಿಚ್ಚಿದೆ, ಅವರು ಮಡಿಕೆ ಓದಿ ಹೇಳಿದರು, ಸಿಪಾಯಿ ಹಳೆಯ ಗಂಟನ್ನೇ ಹಾಕಿದ. ಹತ್ತೊಂಬತ್ತನೆಯದು ಮುಗದದ್ದು. ಸಾಹೇಬರು ಬೆರಳು ತಾಗಿಸದೆ ಗಾಳಿಯಲ್ಲೇ ಸಾಲು ತೋರಿಸುತ್ತ ಓದಿದರು. ಬಾವಿಯ ಹಾದಿ ಅಲ್ಲಿತ್ತು. ನಾನು ಉಸಿರು ಹಿಡಿದು ಸ್ಕ್ಯಾನ್ ಮಾಡಿದೆ. ಕಚೇರಿಯ ಸಿಕ್ಕೆ ಒತ್ತಿಸಿಕೊಂಡ ನಕಲನ್ನು ಅಜ್ಜಿ ಉಡಿಯಲ್ಲಿಟ್ಟುಕೊಂಡು ಹೋದರು. ಉಳಿದ ಹನ್ನೊಂದನ್ನೂ ಸರಿಮಾಡಿಸಿದ ಸಾಹೇಬರು, ಕಂಪ್ಯೂಟರಿನ ಪಟ್ಟಿಯಲ್ಲಿ 'ಗಂಟು' ಎಂಬ ಹೊಸ ಕಾಲಂ ಹಾಕಿಸಿಯೇ ನನ್ನನ್ನು ಮನೆಗೆ ಬಿಟ್ಟರು.

ವಾರದ ಮೇಲೆ ಅಜ್ಜಿ ಅವಲಕ್ಕಿ ಗಂಟಿನೊಡನೆ ಬಂದರು. "ಮುಳ್ಳು ಕಿತ್ಯಾರ್ರಿ. ನೀರು ಬಿಟ್ಟ ಬಂದೇನಿ." ಸಾಹೇಬರು ಒಳಗಿನ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎರಡು ಸಲ ಕೆಮ್ಮಿ, ಮೂಗಿನಲ್ಲಿ ಎಳೆದು, "ಎಲ್ಲಾ ನಮ್ಮ ಕಂಪ್ಯೂಟರ್ ಹುಡುಗನ ಶಾಣ್ಯಾತನ ಯವ್ವಾ," ಅಂದೆ.

ಅಜ್ಜಿ ಗಂಟು ಬಿಚ್ಚುತ್ತಲೇ, ತಲೆ ಎತ್ತದೆ ಹೇಳಿದರು: "ಕದಿಯೋದ ಇತ್ತಂದ್ರ ಅವರ ನೆನಪು ಕದೀಬೇಕಿತ್ತಲ್ಲೋ ತಮ್ಮಾ. ದನಿ ತಗೊಂಡು ಏನ್ ಮಾಡ್ತಿ?"