ಕೊನೆಯ ಅಧ್ಯಾಯಕ್ಕೆ ಜಾಗ

ಬೀದಿಗೆಲ್ಲ ದೊಡ್ಡಮ್ಮನಾಗಿದ್ದ ಆ ದರ್ಜಿ ಹೆಂಗಸಿಗೆ ಬಾಯಿ ಮುಚ್ಚಿ ಕೂರುವುದೆಂದರೆ ಆಗಿಬರದು. ಮಧ್ಯಾಹ್ನ ಹೊಲಿಗೆ ಯಂತ್ರ ನಿಲ್ಲಿಸಿ, ಬೀದಿಯ ಸದ್ದು ಬಾರದಂತೆ ಕಿಟಕಿಗೆ ಕಂಬಳಿ ಹೊದಿಸಿ, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದಳು. ಈ ಸಲದ್ದು ದಪ್ಪನೆಯ ಕೊಲೆ ಕಾದಂಬರಿ. ಅದಕ್ಕಾಗಿ ಕಾದಿದ್ದವರು ಆರೈಕೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್. ಅಲ್ಲಿಗೆ ತಿಂಗಳಿಗೊಮ್ಮೆ ಹೋಗುವ ಗಾಡಿ ಆ ಭಾನುವಾರ ಸಂಜೆ ಹೊರಡುವುದಿತ್ತು.

ಆಪರೇಟರ್ ಪುಸ್ತಕ ಕೇಳುವ ಹಳೆಯ ಯಂತ್ರ ಒಪ್ಪುವ ಹಾಗೆ ನಾದಿನಿ ಬೆಳಿಗ್ಗೆ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿಕೊಟ್ಟಳು. ಮೈಮೇಲೆ ನಾಲ್ಕು ಜಿಬಿ ಎಂದು ಬರೆದುಕೊಂಡಿದ್ದ ಆಸಾಮಿ ಒಳಗೆ ತೋರಿಸಿದ್ದು ಮೂರು ಮುಕ್ಕಾಲಕ್ಕೂ ಕಡಿಮೆ. ಕಾದಂಬರಿಯೆಲ್ಲ ಹಿಡಿಸಿತು, ಕೊನೆಯ ಅಧ್ಯಾಯ ಮಾತ್ರ ಹೊರಗುಳಿಯಿತು. ಕೊಲೆಗಾರ ಸಿಕ್ಕಿಬೀಳುವುದೇ ಅದರಲ್ಲಿ.

"ಯಾರು ಕೊಂದಿದ್ದು ಅಂತ ಫೋನಲ್ಲಿ ಹೇಳ್ಬಿಡಿ ಅತ್ತಿಗೆ, ಮುಗೀತು," ಎಂದಳು ನಾದಿನಿ.

"ಅಷ್ಟು ಹೊತ್ತು ಕಾಯ್ಸಿ ಫೋನಲ್ಲಿ ಹೇಳೋದಾ? ಬಟ್ಟೆ ಗೇಣು ಕಮ್ಮಿ ಬಿತ್ತು ಅಂತ ತೋಳಿಲ್ದೆ ಅಂಗಿ ಕೊಡ್ತೀನಾ ನಾನು?"

ಫೈಲುಗಳನ್ನು ಕುಗ್ಗಿಸೋಣವೆಂದರೆ ಆಪರೇಟರರ ಆ ಮುದಿ ಯಂತ್ರ ಕುಗ್ಗಿಸಿದ್ದನ್ನು ಮೂಸಿಯೂ ನೋಡದು. ದೊಡ್ಡ ಡ್ರೈವ್ ತರೋಣವೆಂದರೆ ಭಾನುವಾರವಾದ್ದರಿಂದ ಅಂಗಡಿಗಳಿಗೆಲ್ಲ ಬೀಗ.

ದೊಡ್ಡಮ್ಮ ಕಂಪ್ಯೂಟರ್ ಮುಂದೆ ಕೂತು ರೆಕಾರ್ಡಿಂಗಿನಿಂದ ತನ್ನನ್ನೇ ಕತ್ತರಿಸತೊಡಗಿದಳು. ಕೆಮ್ಮಿದ್ದು, ನೀರು ಕುಡಿದದ್ದು, ಹಾಳೆ ಮಗುಚಿದ ಸರಸರ, ಬಾಗಿಲು ಬಡಿದವನಿಗೆ "ಆಮೇಲೆ ಬಾರಪ್ಪ" ಅಂದದ್ದು, ಎಲ್ಲವೂ ಹೋಯಿತು. ತಾನು ಇಷ್ಟೊಂದು ಕೆಮ್ಮುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಕತೆಯ ಒಂದಕ್ಷರಕ್ಕೂ ಕತ್ತರಿ ತಾಗಿಸಲಿಲ್ಲ. ಬೆನ್ನು ಹಿಡಿದುಕೊಂಡಿತು, ಊಟ ಆರಿತು, ನಾದಿನಿಯ ಗೊಣಗಾಟವನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಇಂಥ ಹಟಕ್ಕೆ ಕೈ ಮುಗಿಯಬೇಕು, ಮುಗಿಯದಿದ್ದರೆ ನಮ್ಮ ಕೈಯೇ ದಂಡ. ಗಾಡಿಯವನು ಹಾರ್ನ್ ಹೊಡೆಯುವ ಹೊತ್ತಿಗೆ ಕೊನೆಯ ಅಧ್ಯಾಯ ಪೂರ್ತಿ ಒಳಗೆ ಸೇರಿತ್ತು.

ವಾರ ಕಳೆಯುವ ಮೊದಲೇ ಆಪರೇಟರ್ ಫೋನ್ ಮಾಡಿದರು. "ಕತೇಲಿ ಆ ತಂಗಿ ಮೇಲೆ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ನೋಡಿ!" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಅಮ್ಮ, ನೀವು ಹುಷಾರಾಗಿದೀರಾ? ಹೋದ ಪುಸ್ತಕದಲ್ಲಿ ಕೆಮ್ತಿದ್ರಿ, ನೀರು ಕುಡೀತಿದ್ರಿ. ಪಕ್ಕದಲ್ಲೇ ಕೂತು ಓದ್ದಂಗಿತ್ತು. ಈ ಸಲ ಕತೆ ಮಾತ್ರ ಬಂತು, ನೀವು ಬರ್ಲಿಲ್ಲ."

"ಇಲ್ಲೇ ಇದೀನಿ, ಎಲ್ಲೂ ಹೋಗಿಲ್ಲ," ಎಂದಳು ದೊಡ್ಡಮ್ಮ.

ಫೋನಿಟ್ಟವಳೇ ನಾದಿನಿಯನ್ನು ಅಂಗಡಿಗೆ ಅಟ್ಟಿದಳು. ಕೆಮ್ಮಿಗೂ ಜಾಗವಿರುವಂಥ ದೊಡ್ಡ ಡ್ರೈವೇ ಬೇಕೆಂದಳು.