ಮೊಳೆಗೆ ಬಾರದ ಬಿಲ್ಲೆ

ಆ ಮಾತನ್ನು ನಾನು ಓದಿದ್ದು ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಬೂದಿಕೋಟೆ ಬಸ್ಸಿನ ಹೊಗೆ ಮುಖಕ್ಕೆ ಬಡಿಯುತ್ತಿದ್ದಾಗ. ರೈಲು ಎಲ್ಲಿದೆ ಎಂದು ತೋರಿಸುವ ನನ್ನ ಆ್ಯಪಿಗೆ ಯಾರೋ ಒಂದೇ ಸ್ಟಾರ್ ಕೊಟ್ಟು ಹೀಗೆ ಬರೆದಿದ್ದರು: "ಮದ್ಯಾನ ಗಾಡೀನೇ ಇಲ್ಲ, ಒಬ್ರು ಗಾಡೀಲವ್ರೆ ಅಂತ ತೋರಿಸ್ತದೆ. ನಂಬ್ಕೊಂಡು ಸ್ಟೇಷನ್‌ಗೆ ಓಡಿದ್ದೇ ಬಂತು. ಇಳಿಯೋದ್ ಮರ್ತೋದ್ರಾ, ಇಲ್ಲ ಸತ್ತೋದ್ರಾ?"

ಇಳಿಯದೆ ಉಳಿದಿದ್ದವಳು ನನ್ನ ಅಕ್ಕ. ಅವಳು ತೀರಿಕೊಂಡು ಒಂದು ತಿಂಗಳಾಗಿತ್ತು.

ಫೋನನ್ನು ನೆಲಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಬರೆದವರು ಹೆಸರಿನ ಜಾಗದಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡಿದ್ದರು. ಆ ಹೂವನ್ನು ನೋಡಿದಷ್ಟೂ ಸಿಟ್ಟು ಏರುತ್ತಿತ್ತು. ಹೌದು, ಸತ್ತಿದ್ದಾಳೆ, ಈಗ ನಿಮಗೆ ಸಮಾಧಾನವೇ ಎಂದು ಉತ್ತರ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ. ಅಷ್ಟರಲ್ಲಿ ನಾನು ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು.

ಬಿಲ್ಲೆ ಎಂದರೇನು ಎಂದು ಮೊದಲು ಹೇಳಬೇಕು. ನಮ್ಮ ಅಪ್ಪ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಬಿಲ್ಲೆ ಕೊಡುವ ಕೆಲಸದಲ್ಲಿದ್ದರು. ಗಣಿಯೊಳಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಮೇಲೆ ತಂದುಕೊಡಬೇಕು. ಅಪ್ಪ ಅದನ್ನು ಹಲಗೆಯ ಮೊಳೆಗೆ ತೂಗುಹಾಕುತ್ತಿದ್ದರು. ಮೊಳೆ ಬರಿದಾಗಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಗಣಿ ಮುಚ್ಚುವಾಗ ನಾನು ಚಿಕ್ಕವಳು, ಹಲಗೆಯನ್ನು ನೋಡಿದ ನೆನಪಿಲ್ಲ. ಅಕ್ಕ ನೋಡಿದ್ದಳು. ಅಪ್ಪನಿಗೆ ಊಟ ತೆಗೆದುಕೊಂಡು ಹೋಗುತ್ತಿದ್ದವಳು ಅವಳು. ಒಬ್ಬನ ಬಿಲ್ಲೆಯನ್ನು ಇನ್ನೊಬ್ಬನ ಕೈಯಲ್ಲಿ ಕಳಿಸಿದರೆ ಅಪ್ಪ ಮುಟ್ಟುತ್ತಿರಲಿಲ್ಲವಂತೆ. "ಅವನೇ ಬರ್ಲಿ, ಮುಖ ನೋಡ್ಬೇಕು ನಾನು" ಅನ್ನುತ್ತಿದ್ದರಂತೆ.

ಅಪ್ಪ ಅಮ್ಮ ಹೋದಮೇಲೆ ಉರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ನಾವಿಬ್ಬರೇ. ಅಕ್ಕ ಬೆಳಗಿನ ಗಾಡಿ ಹಿಡಿದು ಮಾಲೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದಳು. ನಾನು ಡಿಪ್ಲೊಮಾ ಮುಗಿಸಿ ಬಂಗಾರಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಗಾಡಿ ಒಂದು ದಿನ ಬೇಗ, ಒಂದು ದಿನ ತಡ. ಅಕ್ಕ ಒಂದು ದಿನ ಬೆವರು ಒರೆಸಿಕೊಳ್ಳುತ್ತಾ ಮನೆಗೆ ವಾಪಸ್ ಬಂದು ಬ್ಯಾಗನ್ನು ಮಂಚದ ಮೇಲೆ ಬಿಸಾಕಿದಳು.

"ಏನೇ, ಇಷ್ಟೊಂದು ಓದಿದ್ದೀಯ. ಗಾಡಿ ಮಾರಿಕುಪ್ಪಂ ಬಿಡ್ತೋ ಇಲ್ವೋ ಅಂತ ಏಳಕ್ಕಾಗಲ್ವಾ ನಿನ್ ಕಂಪ್ಯೂಟರ್‌ಗೆ?"

"ಮಾರಿಕುಪ್ಪಂನಲ್ಲಿ ಹತ್ತಿದವರು ಹೇಳಿದರೆ ಆಗುತ್ತೆ."

"ಏಳ್ತಾರೆ. ಕೇಳ್ದ್ರೆ ಯಾಕೇಳಲ್ಲ? ನಾನ್ ಕೇಳ್ತೀನಿ."

ಆ್ಯಪ್ ಹುಟ್ಟಿದ್ದು ಹೀಗೆ. ಹತ್ತುವವರು ಒಂದು ಗುಂಡಿ ಒತ್ತಬೇಕು, ಇಳಿಯುವವರು ಇನ್ನೊಂದು. ಮಾರಿಕುಪ್ಪಂನವರು ಒತ್ತಿದರೆ ಉರಿಗಾಂನವರು ಮನೆ ಬಿಡುತ್ತಾರೆ, ಉರಿಗಾಂನವರು ಒತ್ತಿದರೆ ಕೋರಮಂಡಲದವರು. ಎಂಟು ತಿಂಗಳು ಒಬ್ಬಳೇ ಕೂತು ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆದೆ. ಗುಂಡಿಗಳಿಗೆ "ಪ್ರಯಾಣ ಆರಂಭ", "ಪ್ರಯಾಣ ಮುಕ್ತಾಯ" ಎಂದು ಹೆಸರಿಟ್ಟಿದ್ದೆ. ಅಕ್ಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಕ್ತಾಯ ಅಂತೆ! ಯಾರ್ದೋ ಕತೆ ಮುಗ್ದಂಗೈತೆ. ಅತ್ತಾಯ್ತು, ಇಳಿದಾಯ್ತು ಅಂತ ಬರಿಯೇ."

"ಹತ್ತಾಯ್ತು ಅನ್ನು. ಹ ಬಿಟ್ಟರೆ ಅತ್ತ ಹಾಗೆ ಕೇಳುತ್ತೆ."

"ಕೇಳ್ಲಿ ಬಿಡು. ಆ ಗಾಡಿ ಅತ್ತೋದೂ ಒಂದೆ, ಅಳೋದೂ ಒಂದೆ."

ಒತ್ತಿದಾಗ ಮಾತು ಕೇಳಿಸಬೇಕು ಎಂದು ಅವಳ ಧ್ವನಿಯನ್ನೇ ಹಾಕಿದೆ. ಹಲಗೆಯ ಯೋಚನೆಯೂ ಅವಳದೇ. ಗಾಡಿಯಲ್ಲಿ ಎಷ್ಟು ಬಿಲ್ಲೆ ಇವೆ ಎಂದು ಕಾಣಿಸಬೇಕು, ಇಳಿದಾಯ್ತು ಒತ್ತಿದರೆ ಮಾತ್ರ ಬಿಲ್ಲೆ ಮೊಳೆಗೆ ಬರಬೇಕು, ತಾನಾಗಿ ಬರಬಾರದು. ಒತ್ತುವುದನ್ನು ಮರೆಯುತ್ತಾರೆ, ಇಷ್ಟು ಹೊತ್ತಾದಮೇಲೆ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡೋಣ ಎಂದೆ. ಅವಳು ಒಪ್ಪಲಿಲ್ಲ. "ಮರ್ತೋರ್ಗೆ ಫೋನ್ ಮಾಡಿ ಬೈತೀನಿ. ಅಪ್ಪ ಮುಖ ನೋಡ್ದೆ ತಕ್ಕೊಂತಿದ್ರಾ?" ಎಂದಳು. ನಿಜಕ್ಕೂ ಫೋನ್ ಮಾಡಿ ಬೈಯುತ್ತಿದ್ದಳು.

ಆ್ಯಪನ್ನು ಬೆಳೆಸಿದ್ದೂ ಅವಳೇ. ಜಾಹೀರಾತು ಅಂತ ಏನೂ ಇರಲಿಲ್ಲ. ಲೇಡೀಸ್ ಬೋಗಿಯಲ್ಲಿ ಒಬ್ಬೊಬ್ಬರ ಫೋನನ್ನೂ ಕಿತ್ತುಕೊಂಡು ಹಾಕಿಕೊಡುತ್ತಿದ್ದಳು. ಆದರೂ ಜನ ಅದನ್ನು ನಿಜವಾಗಿ ಹಿಡಿದುಕೊಂಡಿದ್ದು ನಿದ್ದೆಯ ಗುಂಡಿ ಬಂದಮೇಲೆ. ನಸುಕಿನಲ್ಲಿ ಎದ್ದು ಅಡುಗೆ ಮಾಡಿಟ್ಟು ಬಂದ ಹೆಂಗಸರು ಗಾಡಿಯಲ್ಲಿ ತೂಕಡಿಸುತ್ತಾರೆ. ಅದನ್ನು ಒತ್ತಿ ಮಲಗಿದರೆ, ಅವರ ಸ್ಟೇಷನ್ ಹತ್ತಿರವಾದಾಗ ಫೋನಿನಲ್ಲಿ ಅಕ್ಕ ಕೂಗುತ್ತಾಳೆ: "ಏಳಮ್ಮಾ ತಾಯಿ, ನಿಮ್ಮೂರು ಬಂತು!" ಒಂದೇ ವರ್ಷದಲ್ಲಿ ಬೋಗಿಗೆ ಬೋಗಿಯೇ ಆ ಕೂಗಿಗೆ ಏಳುವಂತಾಯಿತು. ಮೊದಲಾದರೆ ಪಕ್ಕದವರು ಭುಜ ತಟ್ಟಿ ಎಬ್ಬಿಸುತ್ತಿದ್ದರು. ಈಗ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಇದು ಆಗ ನನಗೆ ಹೆಮ್ಮೆಯ ವಿಷಯವಾಗಿತ್ತು.

ಅಕ್ಕ ತೀರಿಕೊಂಡ ಬೆಳಿಗ್ಗೆ ನಾನು ಸೆಂಟರಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಗಾಡಿ ಮಾಲೂರು ದಾಟಿ ಹೋಗಿತ್ತು. ಅಕ್ಕನ ಬಿಲ್ಲೆ ಮಾತ್ರ ಗಾಡಿಯಲ್ಲೇ ಇತ್ತು. ಹಿಂದಿನ ದಿನವಷ್ಟೇ ಮಾಲೂರಿಗೆ ಸಂಬಂಧಿಸಿದ ಒಂದು ಭಾಗವನ್ನು ತಿದ್ದಿದ್ದೆ. ಏನೋ ಕೆಡಿಸಿಬಿಟ್ಟಿದ್ದೇನೆ ಅಂದುಕೊಂಡೆ. ಮರೆತವರಿಗೆ ಫೋನ್ ಮಾಡುವುದು ಅಕ್ಕನ ಕೆಲಸ. ಅಕ್ಕ ತಾನೇ ಮರೆಯುವವಳಲ್ಲ. ಆದ್ದರಿಂದ ತಪ್ಪು ನನ್ನದೇ ಇರಬೇಕು. ಒಂದೊಂದು ಸಾಲನ್ನೂ ಓದಿದೆ. ಮುಕ್ಕಾಲು ಗಂಟೆ ಓದಿದೆ. ಫೋನ್ ಪಕ್ಕದಲ್ಲೇ ಇತ್ತು. ಅವಳಿಗೆ ಒಂದು ಕಾಲ್ ಮಾಡೋಣ ಎಂದು ಹೊಳೆಯಲೇ ಇಲ್ಲ. ತಪ್ಪು ಸಿಗದೆ ಅವಳ ಮೇಲೆ ರೇಗಿದ್ದೂ ಉಂಟು: ಇವಳ ಹಠದಿಂದಲೇ ಈ ತಲೆನೋವು ಎಂದು. ಆಗ ಫೋನ್ ಬಂತು. ದಿನವೂ ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದ ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುವ ಒಬ್ಬ ಅಜ್ಜಿ, ಮಾಲೂರಿನ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುವವರು. "ಬಾ ಕಣ್ಣು, ಬೇಗ ಬಾ" ಅಂದರು. ಮಾಲೂರಿನ ಆಸ್ಪತ್ರೆಗೆ ಓಡಿದೆ.

ಹೃದಯ ನಿಂತಿದೆ, ಬಂಗಾರಪೇಟೆಗೂ ಮುಂಚೆಯೇ ಇರಬಹುದು ಎಂದರು ಡಾಕ್ಟರು. ನೀವು ಫೋನ್ ಮಾಡಿದ್ದರೂ ಆಗುತ್ತಿದ್ದುದು ಏನೂ ಇಲ್ಲ ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ನನ್ನ ಮುಕ್ಕಾಲು ಗಂಟೆಯನ್ನು ಅಷ್ಟು ಸುಲಭವಾಗಿ ಮಾಫಿ ಮಾಡಲು ಇವರು ಯಾರು?

ಅವಳ ಬಿಲ್ಲೆಯನ್ನು ನಾನು ಮುಚ್ಚಲಿಲ್ಲ. ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಹಲಗೆಯಲ್ಲಿ ಒಂದು ಮೊಳೆ ಬರಿದಾಗಿರುವತನಕ ಅವಳು ಎಲ್ಲೋ ದಾರಿಯಲ್ಲಿದ್ದಾಳೆ. ಅದರಿಂದ ಜನರಿಗೆ ಇಲ್ಲದ ಗಾಡಿ ಕಾಣುತ್ತಿದ್ದರೆ ಕಾಣಲಿ ಎಂದು ಸುಮ್ಮನಿದ್ದೆ. ಜನ ಸುಮ್ಮನಿರಲಿಲ್ಲ. ಆ್ಯಪ್ ತೆಗೆದುಹಾಕುವವರು ಹೆಚ್ಚಾದರು. ಒತ್ತುವವರು ಕಡಿಮೆಯಾದರೆ ಇಡೀ ಹಲಗೆಯೇ ಸಾಯುತ್ತದೆ. ಅವಳು ಒಬ್ಬೊಬ್ಬರ ಕೈಯಿಂದ ಫೋನ್ ಕಿತ್ತುಕೊಂಡು ಕಟ್ಟಿದ್ದೆಲ್ಲ ಹೋಗುತ್ತದೆ. ಅದು ಗೊತ್ತಿದ್ದೂ ಆ ಒಂದು ಸಾಲು ಬರೆಯಲು ಕೈ ಬರಲಿಲ್ಲ. ಅಷ್ಟರಲ್ಲಿ ಆ ಗುಲಾಬಿ ಹೂವು ಬಂತು.

ಮಾರನೆಯ ಬೆಳಿಗ್ಗೆ ಅಕ್ಕನ ಫೋನನ್ನು ಚೀಲದಲ್ಲಿಟ್ಟುಕೊಂಡು ಉರಿಗಾಂನಲ್ಲಿ ಅವಳ ಗಾಡಿ ಹತ್ತಿದೆ. ಜಗಳ ಆಡಬೇಕು ಎಂದೇ ಹತ್ತಿದೆ. ಅಜ್ಜಿ ಅದೇ ಜಾಗದಲ್ಲಿದ್ದರು. ಅಕ್ಕನ ಕಿಟಕಿಯ ಪಕ್ಕ ಯಾರೋ ಹೊಸ ಹುಡುಗಿ, ಹೊಸ ಬ್ಯಾಗು, ಕುತ್ತಿಗೆಯಲ್ಲಿ ಫ್ಯಾಕ್ಟರಿಯ ಕಾರ್ಡು. ಕೋರಮಂಡಲ ದಾಟಿದಮೇಲೆ ಕೂಗಿದೆ.

"ಇಷ್ಟು ಜನ ಇದ್ರಿ. ಒಬ್ಬರಿಗಾದರೂ ಎಬ್ಬಿಸಬೇಕು ಅನ್ನಿಸಲಿಲ್ವಾ? ಒಬ್ಬರಿಗೆ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಯಾಕಮ್ಮಾ ಅಂಗ್ ಕೂಗ್ತೀಯ? ಮಲ್ಗವ್ಳೆ, ಮಲ್ಗ್ಲಿ ಪಾಪ ಅಂದ್ವಿ. ಫೋನ್ ಎಬ್ಬಿಸ್ತದಲ್ಲಾ."

"ಎಬ್ಬಿಸ್ತಾ?"

"ಕೂಗ್ತು. ಟ್ಯಾಕಲ್ ಬಿಟ್ಮೇಲೆ ಕೂಗ್ತಾನೇ ಇತ್ತು. ಏಳಮ್ಮಾ ತಾಯಿ, ನಿಮ್ಮೂರು ಬಂತು ಅಂತ. ಇವಳ ಗಂಟ್ಲೇ ಇವಳ್ನ ಎಬ್ಬಿಸ್ತಿಲ್ಲ ನೋಡ್ರೇ ಅಂತ..." ಅಜ್ಜಿ ನಿಲ್ಲಿಸಿ, ನನ್ನನ್ನು ನೋಡದೆ ಮುಗಿಸಿದರು. "ನಕ್ಕ್ಬುಟ್ವಿ ಕಣ್ಣು. ಎಲ್ರೂ ನಕ್ಕ್ಬುಟ್ವಿ. ಮಾಲೂರ್ ಬಂದಾಗ್ಲೇ ನಾನು ಮೈ ಮುಟ್ಟಿದ್ದು."

ಬೈಯಲು ತಂದಿದ್ದ ಮಾತುಗಳೆಲ್ಲ ತಿರುಗಿ ನನ್ನ ಕಡೆಗೇ ಬಂದವು. ಮುಟ್ಟದೆ ಎಬ್ಬಿಸುವುದನ್ನು ಕಲಿಸಿದ್ದು ನಾನು. ಅದಕ್ಕೆ ಅವಳ ಗಂಟಲನ್ನೇ ಕೊಟ್ಟವಳೂ ನಾನು.

"ಹಾಗಾದರೆ ಇದನ್ನು ಬರೆದವರು ಯಾರು?" ಎಂದು ಫೋನನ್ನು ಎಲ್ಲರ ಮುಖಕ್ಕೂ ಹಿಡಿದೆ. ಯಾರ ಮೇಲಾದರೂ ಸಿಟ್ಟು ಉಳಿಯಬೇಕಿತ್ತು.

ಕಿಟಕಿಯ ಪಕ್ಕದ ಹುಡುಗಿ ಓದಿದಳು. "ನಾನೇ ಅಕ್ಕಾ. ಹೋದ ವಾರ ಸೇರ್ಕೊಂಡೆ ಕೆಲ್ಸಕ್ಕೆ. ಒಂದಿನ ಮದ್ಯಾನದ ಶಿಫ್ಟ್ ಹಾಕಿದ್ರು, ಓಡಿ ಬಂದೆ, ಗಾಡಿ ಇರಲಿಲ್ಲ... ಸುಮ್ನೆ ಮಾತಿಗೆ ಅಂದಿದ್ದು. ನಮ್ಮನೇಲಿ ದಿನಾ ಅಂತೀವಿ ಹಂಗೆ."

ನಮ್ಮ ಮನೆಯಲ್ಲೂ ಅನ್ನುತ್ತಿದ್ದೆವು. ಒತ್ತುವುದನ್ನು ಮರೆತವರಿಗೆ ಅಕ್ಕ ಫೋನಿನಲ್ಲಿ ಬೈಯುತ್ತಿದ್ದುದೂ ಅದೇ ಮಾತು: "ಏನೇ, ಸತ್ತೋದ್ಯಾ?"

"ಈಗ್ಲೇ ಅಳಿಸ್ತೀನಿ" ಎಂದಳು ಹುಡುಗಿ.

"ಬೇಡ" ಎಂದೆ. ಕ್ಷಮಿಸಿದ್ದರಿಂದಲ್ಲ. ಅವಳು ಬರೆದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬಳು ಇಳಿದಿರಲಿಲ್ಲ.

ಟ್ಯಾಕಲ್ ಬಿಟ್ಟಮೇಲೆ ಚೀಲದಿಂದ ಅಕ್ಕನ ಫೋನ್ ತೆಗೆದೆ. ಹಲಗೆ ತೆರೆದಿತ್ತು, ಇಳಿದಾಯ್ತು ಗುಂಡಿ ಹಸಿರಾಗಿ ಕಾಯುತ್ತಿತ್ತು. ನನ್ನ ಬೆರಳು ಹೋಗಲಿಲ್ಲ. ಮೇಲೆ ಬಾರದೇ ಹೋದವನ ಬಿಲ್ಲೆಯನ್ನು ಅಪ್ಪ ಏನು ಮಾಡುತ್ತಿದ್ದರು ಎಂದು ಅಕ್ಕನನ್ನು ಒಮ್ಮೆ ಕೇಳಿದ್ದೆ. ಅವನ ಜೊತೆ ಇಳಿದವನು ತಂದರೆ ಮಾತ್ರ ತೆಗೆದುಕೊಳ್ಳುತ್ತಿದ್ದರು, ಮನೆಯವರಿಂದಲೂ ಅಲ್ಲ ಎಂದಿದ್ದಳು. ಆ ದಿನ ನಾನು ಅವಳ ಜೊತೆ ಗಾಡಿಯಲ್ಲಿರಲಿಲ್ಲ. ಫೋನನ್ನು ಅಜ್ಜಿಯ ಮುಂದೆ ಹಿಡಿದೆ.

"ನೀವು ಒತ್ತಬೇಕು" ಎಂದೆ. ನನ್ನ ದನಿ ಇನ್ನೂ ಜಗಳದ್ದೇ ಆಗಿತ್ತು.

"ನಾನ್ಯಾಕಮ್ಮಾ? ನೀನು ಸ್ವಂತ ತಂಗಿ."

"ಅವಳ ಜೊತೆ ಇಳಿದವರು ನೀವು."

ಅಜ್ಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಗಂಡನೂ ಗಣಿಯಲ್ಲಿ ದುಡಿದವರು. ಕನ್ನಡಕ ಹುಡುಕಿ ಹಾಕಿಕೊಂಡು, ಗಾಡಿ ಪೂರ್ತಿ ನಿಲ್ಲುವವರೆಗೂ ಕಾದರು. ಮಾಲೂರಿನ ಫಲಕ ಕಿಟಕಿಗೆ ಬಂದು ನಿಂತಮೇಲೆ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಗುಂಡಿಯ ಮೇಲೆ ಇಟ್ಟರು.

"ಇಳಿದಾಯ್ತು" ಎಂದಳು ಅಕ್ಕ, ಇಡೀ ಬೋಗಿಗೆ ಕೇಳುವಂತೆ.

ಈ ಸಲ ಯಾರೂ ನಗಲಿಲ್ಲ. ಅಜ್ಜಿ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದು ಅಲುಗಾಡಿಸಿದರು. "ಏಳಮ್ಮಾ, ಇಳಿ" ಅಂದರು. ಇಳಿದೆವು. ಅವತ್ತೇ ಸೆಂಟರಿಗೆ ಹೋಗಿ ನಿದ್ದೆಯ ಗುಂಡಿಯನ್ನು ತಿದ್ದಿದೆ. ಈಗ ಫೋನ್ ಮಲಗಿದವರನ್ನು ಕೂಗುವುದಿಲ್ಲ. ಅಕ್ಕನ ರೆಕಾರ್ಡಾದ ಬೇರೆ ಬೇರೆ ಮಾತುಗಳನ್ನು ಕತ್ತರಿಸಿ, ಅವಳು ಹೇಳಿರದ ಒಂದು ಮಾತನ್ನು ಅವಳ ಧ್ವನಿಯಲ್ಲೇ ಜೋಡಿಸಿದ್ದೇನೆ. ಅದು ಈಗ ಬೋಗಿಯಲ್ಲಿ ಎಚ್ಚರವಿರುವ ಉಳಿದವರ ಫೋನಿನಲ್ಲೆಲ್ಲ ಕೇಳುತ್ತದೆ: "ನಿಮ್ ಪಕ್ಕದೋಳ್ನ ಮುಟ್ಟಿ ಎಬ್ಬಿಸ್ರೇ."

ಕಿರಿಕಿರಿ ಎಂದು ಇಬ್ಬರು ಆಗಲೇ ಒಂದು ಸ್ಟಾರ್ ಕೊಟ್ಟಿದ್ದಾರೆ. ಕೊಡಲಿ.