ಹೋಳಿಗೆಯ ಕಡೆಗೆ ನಡೆದ ಮಣ್ಣೆತ್ತು

ಕಮರಿಪೇಟೆಯ ನಾಗರತ್ನಾ ಟೀಚರ್ ಒಂದು ದಂಡಿನ ಸೇನಾಪತಿ. ದಂಡಿನಲ್ಲಿ ಯಾರಿಗೂ ಐದು ವರ್ಷ ತುಂಬಿಲ್ಲ. ಆಯುಧಗಳು, ದುರ್ಗದಬೈಲಿನ ರೇಡಿಯೋ ರಿಪೇರಿ ಇಸ್ತಿಯಾಕ ಕೊಟ್ಟ ಹಳೆಯ ಸ್ಪೀಕರುಗಳ ಆಯಸ್ಕಾಂತ. ರಣರಂಗ, ಒಂದು ತೊಟ್ಟಿ ಉಸುಕು. ಅದರಲ್ಲಿ ಬೋಲ್ಟು, ಕೀಲಿಕೈ, ಕವಡೆ ಹೂತಿಟ್ಟು ಆಕೆ ಸುಮ್ಮನೆ ಕೂರುತ್ತಾಳೆ. ಯಾವುದು ಅಂಟಿತು, ಯಾವುದು ಅಂಟಲಿಲ್ಲ ಎಂದು ಮಕ್ಕಳೇ ಕಿರುಚಿ ತೀರ್ಮಾನಿಸಬೇಕು. ಏನೇ ಕೇಳಿದರೂ ಆಕೆಯದು ಒಂದೇ ಉತ್ತರ: "ಮುಟ್ಟಿ ನೋಡು."

ಈ ಶಿಶುವಿಹಾರ ನಡೆಯುವ ಬಾಡಿಗೆ ಕೋಣೆಯ ಮಾಲೀಕರು ಹತ್ತಿ ವ್ಯಾಪಾರಿ ಮುರುಗೆಪ್ಪ. ಅದೇ ದಂಡಿನಲ್ಲಿದ್ದ ಮೊಮ್ಮಗಳು ಸಾನ್ವಿ ಫ್ರಾಕಿನ ಜೇಬಿನಿಂದ ಅಜ್ಜನ ಹಾಸಿಗೆಯ ಮೇಲೆ ಉಸುಕು ಸುರಿದ ದಿನ ಅವರು ದಂಡೆತ್ತಿ ಬಂದರು.

"ಏನ್ರಿ ಅಕ್ಕೋರ, ಅಕ್ಷರ ಕಲಸ್ರಿ ಅಂದ್ರ ಉಸುಕಿನ್ಯಾಗ ಹೊಳ್ಳಾಡಸ್ತೀರಿ? ಮಣ್ಣೆತ್ತಿನ ಅಮಾಸಿ ಮರುದಿನ ಕೋಣಿ ಖಾಲಿ ಮಾಡ್ರಿ!"

"ಆತ್ರಿ ಸಾವುಕಾರ್ರ," ಎಂದಳು ನಾಗರತ್ನಾ. ಸೇನಾಪತಿ ಶರಣಾದಳು. ತೊಟ್ಟಿ ಉಸುಕಿಗೆ ಜಾಗ ಕೊಡುವವರು ಪೇಟೆಯಲ್ಲಿ ಬೇರೆ ಯಾರಿದ್ದಾರೆ?

ಅಮಾವಾಸ್ಯೆ ಬಂತು. ತಾನು ಮಾಡಿದ ಮಣ್ಣಿನ ಎತ್ತಿಗೇ ಪೂಜೆಯಾಗಬೇಕೆಂದು ಸಾನ್ವಿಯ ಹಟ. ಪ್ಲಾಸ್ಟಿಕ್ ಟೀಪಾಯಿಗೆ ನೆಲ ಮುಟ್ಟುವಂತೆ ರೇಷ್ಮೆ ಸೀರೆ ಹೊದಿಸಿ, ಮೇಲೆ ಎತ್ತನ್ನು ನಿಲ್ಲಿಸಿದರು. ಮುರುಗೆಪ್ಪ ರುಮಾಲು ಸುತ್ತಿ ಹೋಳಿಗೆ ನೈವೇದ್ಯ ಇಟ್ಟರು, ಕರ್ಪೂರ ಬೆಳಗಿದರು.

ಎತ್ತು ಹೋಳಿಗೆಯ ಕಡೆಗೆ ಹೊರಟಿತು.

"ಅಯ್ಯ ಶಿವನ! ನಡ್ಯಾಕತ್ತೈತ್ರಿ ಅದು!" ಎಂದು ಅವರ ಹೆಂಡತಿ ಶಿವಲಿಂಗವ್ವ ಚೀರಿದಳು. ಜೀವಮಾನದಲ್ಲಿ ಯಾರಿಗೂ ಬಗ್ಗದ ಮುರುಗೆಪ್ಪನ ದೇಹ ಧೊಪ್ಪನೆ ದೀರ್ಘದಂಡ ಬಿತ್ತು. ರುಮಾಲು ಬಾಗಿಲವರೆಗೆ ಉರುಳಿತು. ಮಲಗಿದಲ್ಲೇ ಕಣ್ಣು ತೆರೆದರೆ, ಸೀರೆಯ ಅಂಚಿನಡಿ ಎರಡು ಪುಟ್ಟ ಪಾದ. ಅಂಚು ಎತ್ತಿದರು. ಟೀಪಾಯಿಗೆ ಕೆಳಗಿನಿಂದ ಆಯಸ್ಕಾಂತ ಒತ್ತಿ ಹಿಡಿದು ಸಾನ್ವಿ ಕೂತಿದ್ದಳು.

"ಎತ್ತಿನ ಹೊಟ್ಟ್ಯಾಗ ಬೋಲ್ಟ್ ಐತಿ ಅಜ್ಜಾ," ಎಂದು ಪಿಸುಗುಟ್ಟಿದಳು.

"ಯಾರ ಹೇಳಿಕೊಟ್ರು? ಅಕ್ಕೋರೇನು?"

"ಅವ್ರು ಏನೂ ಹೇಳಂಗಿಲ್ಲ. ನಾನ ಮುಟ್ಟಿ ನೋಡೀನಿ."

ಮುರುಗೆಪ್ಪ ಮಲಗಿದಲ್ಲಿಂದಲೇ ಕೈ ಚಾಚಿದರು. "ಕೊಡ ಇಲ್ಲೆ."

ಮೇಲೆ ಶಿವಲಿಂಗವ್ವ ಇನ್ನೊಮ್ಮೆ ಚೀರಿದಳು. ಈ ಸಲ ಎತ್ತು ಗರಗರ ತಿರುಗುತ್ತಿತ್ತು.

ಮರುದಿನ ನಾಗರತ್ನಾ ಉಸುಕನ್ನು ಚೀಲಕ್ಕೆ ತುಂಬುತ್ತಿದ್ದಾಗ ಬಾಗಿಲಲ್ಲಿ ಮುರುಗೆಪ್ಪ.

"ಚೀಲ ಬಿಚ್ರಿ ಅಕ್ಕೋರ. ಕೋಣಿ ಎಲ್ಲಿ ಹೋಗತೈತಿ?" ಎಂದು ಅತ್ತಿತ್ತ ನೋಡಿ, ದನಿ ತಗ್ಗಿಸಿದರು: "ಹಿತ್ತಾಳಿ ಚರಗಿನೂ ಹಿಂಗ ನಡಸಬೋದೇನ್ರಿ?"

ನಾಗರತ್ನಾ ಮುರುಗೆಪ್ಪನ ಅಂಗೈಗೆ ಆಯಸ್ಕಾಂತ ಇಟ್ಟಳು. "ಮುಟ್ಟಿ ನೋಡ್ರಿ."

ಆ ರಾತ್ರಿ ಹಾಸಿಗೆಯ ಮೇಲೆ ಮತ್ತೆ ಉಸುಕು ಸುರಿಯಿತು, ಈ ಸಲ ಮುರುಗೆಪ್ಪನ ಜುಬ್ಬಾದ ಜೇಬಿನಿಂದ.